ನಾಲ್ಕೂರಿನ ಬೀಗತಿಯರು

ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ನಾವು ನಾಲ್ವರು ಬಾಡಿಗೆಗಿದ್ದ ಮಹಡಿ ಕೋಣೆಯಲ್ಲಿ ಯಾರಿಗೂ ಸ್ವಂತ ಹೆಸರಿರಲಿಲ್ಲ. ಇಬ್ಬರದು ಒಂದೇ ಹೆಸರು. ಕೆಳಗಿನಿಂದ ಮನೆಯೊಡತಿ ಕೂಗಿದರೆ ಇಬ್ಬರೂ ಓಗೊಡುತ್ತಿದ್ದರು. ಅದಕ್ಕೆ ಆ ತಾಯಿ ನಮ್ಮನ್ನು ಊರಿನ ಮೇಲೆ ಕರೆಯಲು ಶುರು ಮಾಡಿದರು. 'ಏ ಚನ್ನಗಿರಿ, ನಿಮ್ಮಪ್ಪಾರ ಫೋನು ಬಂದೈತೆ.' 'ಜಗಳೂರೂ, ನಲ್ಲಿ ಬಂತು, ಕೊಡ ತಗೊಂಡು ಬಾರೆ.' ಒಂದು ವಾರ ಕಳೆಯುವುದರೊಳಗೆ ನಾವೂ ಹಾಗೇ ಕರೆದುಕೊಳ್ಳತೊಡಗಿದೆವು. ಚನ್ನಗಿರಿ, ಹೊನ್ನಾಳಿ, ಜಗಳೂರು, ನಾನು ನ್ಯಾಮತಿ. ಇಪ್ಪತ್ತು ವರ್ಷವಾಯಿತು, ನಮ್ಮ ನಾಲ್ವರ ಫೋನಿನಲ್ಲೂ ಉಳಿದವರ ನಂಬರು ಇವತ್ತಿಗೂ ಊರಿನ ಹೆಸರಲ್ಲೇ ಇದೆ.

ಅದು 2005. ನಮ್ಮ ಜಿಲ್ಲೆ ಹುಟ್ಟಿ ಎಂಟೇ ವರ್ಷ. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ ಬಂತು. ನಮ್ಮ ನ್ಯಾಮತಿ ಆಗಿನ್ನೂ ತಾಲ್ಲೂಕಾಗಿರಲಿಲ್ಲ, 2018ರ ತನಕ ಹೊನ್ನಾಳಿ ತಾಲ್ಲೂಕಿನೊಳಗೇ ಇತ್ತು. 'ನೀನು ನಮ್ಮ ತಾಲ್ಲೂಕಿನವಳು, ಮೊದಲು ನನಗೆ ಸ್ನಾನಕ್ಕೆ ಬಿಡು' ಎಂದು ಹೊನ್ನಾಳಿ ಬೆಳಿಗ್ಗೆ ಬೆಳಿಗ್ಗೆ ಹಕ್ಕು ಚಲಾಯಿಸುತ್ತಿದ್ದಳು. ನಾಲ್ವರೂ ಇಂಜಿನಿಯರಿಂಗ್ ಓದಲು ಬಂದವರು. ಆ ವರ್ಷ ಮೆಕ್ಕೆಜೋಳಕ್ಕೆ ಒಳ್ಳೆ ರೇಟು ಸಿಕ್ಕಿತ್ತು. ಅಪ್ಪ ನನಗೊಂದು ಕಂಪ್ಯೂಟರ್ ಜೋಡಿಸಿಕೊಟ್ಟರು. ಹೊಟ್ಟೆ ಉಬ್ಬಿದ ಮಾನಿಟರು, ಮೇಲೊಂದು ಹೂವಿನ ಬಟ್ಟೆಯ ಹೊದಿಕೆ, ಮೂಲೆಯಲ್ಲಿ ಯು.ಪಿ.ಎಸ್. ಅದು ಓದಿಗೆಂದು ಬಂದಿದ್ದು. ಓದಿಗೂ ಬಳಸಿದೆವು.

ದಸರಾ ರಜೆಗೆ ಹೊನ್ನಾಳಿಯ ಅಣ್ಣ ಬೆಂಗಳೂರಿನಿಂದ ಬರುವಾಗ ನಾಲ್ಕು ಸಿ.ಡಿ.ಗಳ ಒಂದು ಡಬ್ಬಿ ತಂದ. ದಿ ಸಿಮ್ಸ್ 2. ಮಂಡಕ್ಕಿ-ಮೆಣಸಿನಕಾಯಿ ಪೊಟ್ಟಣ ಬಿಚ್ಚಿಕೊಂಡು ಒಂದೊಂದೇ ಸಿ.ಡಿ. ಬದಲಿಸುತ್ತ ಆ ರಾತ್ರಿ ಕೂತೆವು. ಏಳಲಿಲ್ಲ ಎನ್ನಬಹುದು, ನಾಲ್ಕು ವರ್ಷ.

ಆಡದವರಿಗೆ ಎರಡು ಮಾತು ಹೇಳಬೇಕು. ಈ ಆಟದಲ್ಲಿ ಗೆಲುವಿಲ್ಲ, ಸೋಲಿಲ್ಲ, ಗುಂಡು ಹಾರಿಸುವುದಿಲ್ಲ. ಒಂದು ಮನೆ ಕಟ್ಟಬೇಕು, ಅದರಲ್ಲಿ ಸಿಮ್ ಎಂಬ ಜನರನ್ನು ಇಡಬೇಕು, ಅವರಿಗೆ ಹಸಿವು, ನಿದ್ದೆ, ಬೇಸರ, ನೆಂಟಸ್ತಿಕೆ ಎಲ್ಲ ಇರುತ್ತದೆ, ಅವರನ್ನು ಬಾಳಿಸಬೇಕು. ಮಕ್ಕಳು ಗೊಂಬೆಮನೆ ಆಡುತ್ತಾರಲ್ಲ, ಅದೇ. ಆದರೆ ಗೊಂಬೆಗಳು ನಾವು ಹೇಳದಿದ್ದರೂ ತಮ್ಮಷ್ಟಕ್ಕೆ ಏನಾದರೂ ಮಾಡಿಕೊಂಡಿರುತ್ತವೆ. ಈ ಆಟವನ್ನು ಯೋಚಿಸಿದವರು ಅಮೆರಿಕದ ವಿಲ್ ರೈಟ್. 1989ರಲ್ಲಿ ಊರು ಕಟ್ಟುವ 'ಸಿಮ್‌ಸಿಟಿ' ಮಾಡಿ ಹೆಸರಾದವರು. 1991ರಲ್ಲಿ ಕ್ಯಾಲಿಫೋರ್ನಿಯಾದ ಓಕ್ಲೆಂಡ್ ಗುಡ್ಡಗಳಿಗೆ ಬೆಂಕಿ ಬಿದ್ದಾಗ ಅವರ ಮನೆಯೂ ಸುಟ್ಟುಹೋಯಿತು. ಸುಟ್ಟ ಸಂಸಾರವನ್ನು ಚಮಚ, ಚಾಪೆಯಿಂದ ಮತ್ತೆ ಹೂಡುವಾಗ ಮನುಷ್ಯನಿಗೆ ನಿಜವಾಗಿ ಬೇಕಾದದ್ದೇನು ಎಂಬ ಯೋಚನೆ ಬಂದು, ಅದು ಬೆಳೆದು 2000ದ ಫೆಬ್ರವರಿಯಲ್ಲಿ ದಿ ಸಿಮ್ಸ್ ಆಗಿ ಬಂತು. ಮೊದಲ ಆಟದಲ್ಲಿ ತೊಟ್ಟಿಲ ಕೂಸಿನ ಹೊರತು ಯಾರಿಗೂ ವಯಸ್ಸಾಗುತ್ತಿರಲಿಲ್ಲ, ಮಕ್ಕಳು ಮಕ್ಕಳಾಗಿಯೇ ಇರುತ್ತಿದ್ದವು. 2004ರ ಸೆಪ್ಟೆಂಬರಿನಲ್ಲಿ ಬಂದ ಎರಡನೆಯದರಲ್ಲಿ ಕಾಲ ಬಂತು. ಕೂಸು ಅಂಬೆಗಾಲಿಟ್ಟಿತು, ಹುಡುಗಿ ದೊಡ್ಡವಳಾದಳು, ಅಜ್ಜನಾದವನು ಒಂದು ದಿನ ಸತ್ತ. ಅಪ್ಪನ ಮೂಗು, ಅಮ್ಮನ ಕಣ್ಣು ಮಕ್ಕಳಿಗೆ ಇಳಿದುಬಂದವು. ನಮ್ಮನ್ನು ಕಟ್ಟಿಹಾಕಿದ್ದು ಇದೇ.

ಆಟದ ಜೊತೆ ಬಂದಿದ್ದ ಊರುಗಳನ್ನು ನಾವು ಹೆಚ್ಚು ಆಡಲಿಲ್ಲ. ನಮ್ಮದೇ ಊರು ಮಾಡಿದೆವು. ಅದಕ್ಕೊಂದು ಉಪಾಯವಿತ್ತು: ಸಿಮ್‌ಸಿಟಿ 4ರಲ್ಲಿ ನೆಲ ತಿದ್ದಿ, ಹಳ್ಳ ಕೊರೆದು, ಆ ಕಡತವನ್ನು ಸಿಮ್ಸ್ 2ಕ್ಕೆ ತಂದರೆ ಅದೇ ನೆಲದ ಮೇಲೆ ಮನೆ ಕಟ್ಟಬಹುದು. ಹೊನ್ನಾಳಿ ಎರಡು ಭಾನುವಾರ ಕೂತು ಹೊಳೆ ಕೊರೆದಳು. ಕೂಡ್ಲಿಯಲ್ಲಿ ತುಂಗೆ, ಭದ್ರೆ ಸೇರಿ ಒಂದಾಗಿ ಅವಳೂರಿನ ಪಕ್ಕ ಹಾಯುತ್ತದಲ್ಲ, ಆ ತಿರುವೇ ಬರಬೇಕು ಎಂದು ಹಟ. ಊರಿಗೆ 'ನಾಲ್ಕೂರು' ಎಂದು ಹೆಸರಿಟ್ಟೆವು.

ಒಬ್ಬೊಬ್ಬರದು ಒಂದೊಂದು ಮನೆ. ಚನ್ನಗಿರಿ ಅಡಿಕೆ ಮನೆತನದವಳು. ಮನೆಗಿಂತ ಮೊದಲು ಅಂಗಳ ಹಾಕಿದಳು, ಅಷ್ಟು ಜಾಗ ಖಾಲಿ ಯಾಕೆ ಬಿಡುತ್ತೀಯ ಎಂದರೆ, 'ಅಡಿಕೆ ಎಲ್ಲಿ ಹರವಬೇಕು?' ಎಂದಳು. ಆಟದಲ್ಲಿ ಅಡಿಕೆ ಇಲ್ಲ. ಆದರೂ ಆ ಅಂಗಳ ಕೊನೆಯವರೆಗೂ ಖಾಲಿಯಾಗಿಯೇ ಇತ್ತು, ಅದರ ಮೇಲೆ ಒಂದು ಗಿಡ ನೆಡಲೂ ಬಿಡಲಿಲ್ಲ. ನಾನು ನನ್ನಜ್ಜಿಯ ಮನೆಯ ಪಡಸಾಲೆ ಕಟ್ಟಿದೆ. ಆಟದಲ್ಲಿ ಸೀರೆಯೂ ಇರಲಿಲ್ಲ. ಬಾಡಿ ಶಾಪ್ ಎಂಬ ಜೊತೆಯ ತಂತ್ರಾಂಶದಲ್ಲಿ ಉದ್ದನೆಯ ನಿಲುವಂಗಿಯೊಂದರ ಚಿತ್ರ ಹೊರತೆಗೆದು, ಪೇಂಟಿನಲ್ಲಿ ಇಳಕಲ್ ಅಂಚು ಎಳೆದು, ಟೋಪ್ ತೆನಿ ಸೆರಗಿನ ಕೆಂಪು ಬಿಳಿ ಬರೆದು ಮತ್ತೆ ಒಳಗೆ ಹಾಕಿದೆ. ಸೆರಗು ಹಾರಲಿಲ್ಲ, ಮೈಗಂಟಿದ ಬಣ್ಣವಾಗಿಯೇ ಉಳಿಯಿತು. ಆದರೂ ಪರದೆಯ ಮೇಲೆ ಆ ಅಜ್ಜಿ ಮೊದಲ ಸಲ ಬಾಗಿಲು ತೆರೆದು ಹೊರಗೆ ಬಂದಾಗ ನಾಲ್ವರೂ ಚಪ್ಪಾಳೆ ಹೊಡೆದಿದ್ದೆವು.

ಜಗಳೂರು ಮೊದಲು ಕಟ್ಟಿದ್ದು ಈಜುಕೊಳ. ಗೋಡೆಯಿಲ್ಲ, ಒಲೆಯಿಲ್ಲ, ಹಾಸಿಗೆಯಿಲ್ಲ. ಕೈಯಲ್ಲಿದ್ದ ದುಡ್ಡೆಲ್ಲ ನೀರಿಗೆ ಹಾಕಿ, ಉಳಿದುದರಲ್ಲಿ ಒಂದು ಬಲ್ಬು. ಅವಳ ಊರಲ್ಲಿ ಕೊಳವೆಬಾವಿ ಐನೂರು ಅಡಿ ದಾಟಿದರೂ ಧೂಳು ಬರುತ್ತಿದ್ದ ಕಾಲ. ಟ್ಯಾಂಕರು ಬರುವ ದಿನ ಶಾಲೆ ಬಿಟ್ಟು ಸಾಲಿನಲ್ಲಿ ನಿಂತು ಬೆಳೆದವಳು. ಕೊಳದ ನೀಲಿ ನೀರಿನಲ್ಲಿ ಅವಳ ಸಿಮ್ ಅತ್ತಿಂದಿತ್ತ ಈಜುವುದನ್ನು ಅರ್ಧ ಗಂಟೆ ಸುಮ್ಮನೆ ನೋಡುತ್ತಿದ್ದಳು, ಏನನ್ನೂ ಒತ್ತದೆ. ಹೊನ್ನಾಳಿಗೆ ಇದು ಅರ್ಥವಾಗುತ್ತಿರಲಿಲ್ಲ. ಮಳೆಗಾಲದಲ್ಲಿ ಹೊಳೆ ಏರಿದರೆ ಅವಳೂರಿನ ತಗ್ಗಿನ ಮನೆಗಳಿಗೆ ನೀರು ನುಗ್ಗುತ್ತದೆ. ಸೀನೀರಿನ ಹೊಳೆ ಪಕ್ಕದಲ್ಲೇ ಇದ್ದೂ ನೀರೆಂದರೆ ಅವಳಿಗೆ ಎದೆ ಡವಡವ. ಅವಳ ಮನೆಯಲ್ಲಿ ಕೊನೆಯವರೆಗೂ ಕೊಳ ಇರಲಿಲ್ಲ.

ಈ ಕೊಳದಿಂದಲೇ ನಮ್ಮಲ್ಲಿ ಒಮ್ಮೆ ಮಾತು ಬಿಟ್ಟುಹೋಯಿತು. ಆ ಆಟ ಬಲ್ಲವರಿಗೆಲ್ಲ ಗೊತ್ತಿರುವ ಒಂದು ಕ್ರೂರ ಚಾಳಿ ಇದೆ: ಸಿಮ್ ಈಜುತ್ತಿರುವಾಗ ಏಣಿ ತೆಗೆದುಬಿಟ್ಟರೆ ಅದಕ್ಕೆ ಮೇಲೆ ಬರಲು ಗೊತ್ತಾಗುವುದಿಲ್ಲ, ಸುತ್ತಿ ಸುತ್ತಿ ಮುಳುಗುತ್ತದೆ. ಕ್ಲಾಸಿನಲ್ಲಿ ಯಾರೋ ಹೇಳಿದ್ದರು. ಜಗಳೂರು ನೀರು ಹಿಡಿಯಲು ಕೆಳಗೆ ಹೋದಾಗ ನಾನು ಅದನ್ನು ಅವಳ ಮನೆಯಲ್ಲೇ ಮಾಡಿ ನೋಡಿದೆ. ಅವಳು ಕೊಡ ಹೊತ್ತು ಬಾಗಿಲಿಗೆ ಬರುವುದಕ್ಕೂ ಪರದೆಯ ಮೇಲೆ ಕಪ್ಪು ನಿಲುವಂಗಿಯ ಸಾವು ಬಂದು ನಿಲ್ಲುವುದಕ್ಕೂ ಸರಿಹೋಯಿತು. ಅವಳು ಕೊಡ ಇಳಿಸಲಿಲ್ಲ. 'ನೀರು ಕೊಟ್ಟು ಸಾಯಿಸ್ತಿಯೇನೇ?' ಎಂದಳು. ಮೂರು ದಿನ ನನ್ನ ಜೊತೆ ಮಾತಿಲ್ಲ. ಸೇವ್ ಮಾಡಿರದ ಕಾರಣ ಸಿಮ್ ಬದುಕಿತು. ನಾನು ತಪ್ಪೊಪ್ಪಿಕೊಂಡು ಕೊಳದ ಸುತ್ತ ಬಿಳಿ ಬೇಲಿ ಹಾಕಿಕೊಟ್ಟೆ. ಆಮೇಲೆ ನಾಲ್ಕೂರಿನಲ್ಲಿ ಯಾರೂ ಏಣಿ ಮುಟ್ಟಲಿಲ್ಲ.

ಸಿಮ್ಸ್ 2ರಲ್ಲಿ ಒಂದು ಮನೆ ಆಡುತ್ತಿದ್ದಾಗ ಉಳಿದ ಮನೆಗಳಲ್ಲಿ ಕಾಲ ನಿಂತಿರುತ್ತದೆ. ಒಬ್ಬಳೇ ಹೆಚ್ಚು ಆಡಿದರೆ ಅವಳ ಮನೆಯ ಹುಡುಗ ಮುದುಕನಾಗಿರುತ್ತಾನೆ, ಪಕ್ಕದ ಮನೆಯ ಹುಡುಗಿ ಇನ್ನೂ ಶಾಲೆಗೆ ಹೋಗುತ್ತಿರುತ್ತಾಳೆ. ಸಂಬಂಧ ಕೂಡುವುದು ಹೇಗೆ? ಅದಕ್ಕೆ ಪಾಳಿ ಹಾಕಿಕೊಂಡೆವು. ಕ್ಯಾಲೆಂಡರಿನಲ್ಲಿ ಯಾರ ಮನೆ ಎಷ್ಟು ದಿನ ನಡೆಯಿತು ಎಂದು ಬರೆಯುತ್ತ, ನಾಲ್ಕೂ ಮನೆಗಳನ್ನು ಹೆಜ್ಜೆಗೆ ಹೆಜ್ಜೆ ಕೂಡಿಸಿ ಬೆಳೆಸಿದೆವು. ಪರೀಕ್ಷೆ ಹತ್ತಿರವಿದ್ದವಳ ಪಾಳಿಯನ್ನು ಇನ್ನೊಬ್ಬಳು ನಡೆಸಿಕೊಡುತ್ತಿದ್ದಳು, ಅವಳ ಮಗುವಿಗೆ ನಡಿಗೆ, ಮಾತು ಕಲಿಸಿ. ಹುಟ್ಟುಹಬ್ಬದೊಳಗೆ ಕಲಿಸದಿದ್ದರೆ ಆ ಮಗುವಿಗೆ ಅದು ಕೈತಪ್ಪಿತೆಂದೇ ಲೆಕ್ಕ. ಕರೆಂಟು ಹೋಗುವ ಹೊತ್ತಿಗೆ 'ಸೇವ್ ಮಾಡಿದ್ಯಾ?' ಎಂದು ಅಡುಗೆ ಒಲೆಯ ಹತ್ತಿರದಿಂದ ಒಬ್ಬಳು, ಬಚ್ಚಲಿನಿಂದ ಒಬ್ಬಳು ಕೂಗುತ್ತಿದ್ದರು.

ಹಾಗೆ ಬೆಳೆಸಿದ ಮಕ್ಕಳಿಗೆ ಮದುವೆ ಮಾಡಿದೆವು. ಚನ್ನಗಿರಿಯ ಮಗನಿಗೆ ಜಗಳೂರಿನ ಮಗಳು, ನನ್ನ ಮಗನಿಗೆ ಹೊನ್ನಾಳಿಯ ಮಗಳು. ಆವತ್ತಿನಿಂದ ನಾವು ಬೀಗತಿಯರು. 'ಏನವ್ವಾ ಬೀಗ್ತಿ, ನಿನ್ನ ಮಗ ನಮ್ಮ ಹುಡುಗೀನ ಸರಿಯಾಗಿ ನೋಡ್ಕತಾ ಇಲ್ಲ' ಎಂದು ಕ್ಯಾಂಟೀನಿನಲ್ಲಿ ದೂರು. ಮೊಮ್ಮಕ್ಕಳಲ್ಲಿ ಚನ್ನಗಿರಿಯ ಮನೆಯ ಚೂಪು ಮೂಗೂ ಜಗಳೂರಿನ ಮನೆಯ ದೊಡ್ಡ ಕಣ್ಣೂ ಕೂಡಿ ಬಂದಾಗ, ನಾವು ಆ ಮುಖವನ್ನು ಯಾರೂ ಕೈಯಿಂದ ತಿದ್ದಿರಲಿಲ್ಲ ಎಂಬುದೇ ಒಂದು ಸೋಜಿಗ. ಚನ್ನಗಿರಿ ತನ್ನ ಲಾಂಗ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ವಂಶಾವಳಿ ಬರೆದಿಟ್ಟಳು: ಆರು ತಲೆಮಾರು, ಯಾರು ಯಾರ ಮಗಳು, ಯಾರನ್ನು ಎಲ್ಲಿಗೆ ಕೊಟ್ಟದ್ದು, ಯಾರು ಒಲೆಯ ಬೆಂಕಿಗೆ ಹೋದವರು.

ಬೇಸಗೆ ರಜೆಗೆ ಕಂಪ್ಯೂಟರನ್ನು ನ್ಯಾಮತಿಗೆ ಒಯ್ದಿದ್ದೆ. ಅಜ್ಜಿ ಎಲೆಯಡಿಕೆ ಕುಟ್ಟುತ್ತ ಪಕ್ಕದಲ್ಲಿ ಕೂತು ನೋಡುತ್ತಿದ್ದಳು. ಸಿಮ್‌ಗಳಾಡುವ ಅರ್ಥವಿಲ್ಲದ ಸಿಮ್ಲಿಶ್ ಭಾಷೆ ಅವಳಿಗೆ ತೊಡಕೇ ಆಗಲಿಲ್ಲ. ದನಿಯಿಂದಲೇ ಜಗಳ, ಸರಸ ಎಲ್ಲ ತಿಳಿಯುತ್ತಿತ್ತು. ಒಂದು ಮಧ್ಯಾಹ್ನ, 'ಅಲ್ಲ ಕಣವ್ವ, ಆ ಮುದುಕಿ ಬೆಳಿಗ್ಗೆಯಿಂದ ಒಂದೇ ಕುಂತೈತೆ, ಯಾರೂ ಮಾತಾಡ್ಸಲ್ವಲ್ಲ?' ಎಂದಳು. ನಾನು ಆ ಸಿಮ್ ಮುದುಕಿಯ ನೆನಪಿನ ಪಟ್ಟಿ ತೆರೆದು ತೋರಿಸಿದೆ. ಸಿಮ್ಸ್ 2ರಲ್ಲಿ ಪ್ರತಿಯೊಬ್ಬರಿಗೂ ಅದು ಇರುತ್ತದೆ: ಮೊದಲ ಮುತ್ತು, ಮದುವೆ, ಹೆರಿಗೆ, ಗಂಡ ತೀರಿಕೊಂಡಿದ್ದು, ಎಲ್ಲ ಸಾಲಾಗಿ. ಅಜ್ಜಿ ಒಂದೊಂದೇ ಚಿತ್ರ ಏನೆಂದು ಕೇಳಿ ತಿಳಿದುಕೊಂಡಳು. 'ಹಂಗಾರೆ ಅವಳು ಸುಮ್ಮನೆ ಕುಂತಿಲ್ಲ ಬಿಡು' ಎಂದಳು. ಮುಂದಿನ ವರ್ಷ ಅಜ್ಜಿ ಹೋದಳು.

2009ರ ಜೂನಿನಲ್ಲಿ ನಮ್ಮ ಕೊನೆಯ ಪರೀಕ್ಷೆ. ಅದೇ ತಿಂಗಳು ಸಿಮ್ಸ್ 3 ಬಂತು. ಊರೆಲ್ಲ ಬಯಲಾಗಿ ತೆರೆದುಕೊಂಡು, ಮನೆ ಬಿಟ್ಟು ನಡೆದುಕೊಂಡೇ ಪಕ್ಕದ ಬೀದಿಗೆ ಹೋಗಬಹುದಾದ ಆಟ ಅದು. ಒಳ್ಳೆಯ ಆಟವೇ. ಆದರೆ ನಾವು ಚದುರಿದ್ದೆವು. ಇಬ್ಬರು ಬೆಂಗಳೂರು, ಒಬ್ಬಳು ಪುಣೆ, ಚನ್ನಗಿರಿ ಮದುವೆಯಾಗಿ ಚನ್ನಗಿರಿಯಲ್ಲೇ. ಒಬ್ಬೊಬ್ಬರೇ ಆಡಿ ನೋಡಿ ಬಿಟ್ಟೆವು.

ನಾಲ್ಕನೆಯದು ಬರುತ್ತದೆ ಎಂದಾಗ ಮತ್ತೆ ಆಸೆ ಹುಟ್ಟಿತು. 2014ರ ಸೆಪ್ಟೆಂಬರ್ 2ಕ್ಕೆ ಬಂತು. ನಾನು ಮೊದಲ ವಾರವೇ ಕೊಂಡೆ, ಆದರೆ ಮುಟ್ಟಲಿಲ್ಲ. ದೀಪಾವಳಿಗೆ ಚನ್ನಗಿರಿಯಲ್ಲಿ ಸೇರೋಣ, ಅಲ್ಲೇ ಒಟ್ಟಿಗೆ ಶುರು ಮಾಡೋಣ, ನಾಲ್ಕೂರನ್ನು ಮತ್ತೆ ಕಟ್ಟೋಣ ಎಂದು ಮಾತಾಗಿತ್ತು. ಐದು ವರ್ಷದ ಮೇಲೆ ನಾಲ್ವರೂ ಒಂದೇ ಸೂರಿನಡಿ. ಅಡಿಕೆ ಕೊಯ್ಲಿನ ಕಾಲ; ಅಂಗಳದಲ್ಲಿ ಬೇಯಿಸಿದ ಅಡಿಕೆ ಹರವಿತ್ತು, ಹಂಡೆಯ ಚೊಗರಿನ ವಾಸನೆ ಮನೆತುಂಬ. ಚನ್ನಗಿರಿಯ ಹನ್ನೊಂದು ತಿಂಗಳ ಮಗಳು ಪಡಸಾಲೆ ತುಂಬ ಅಂಬೆಗಾಲಿಡುತ್ತ ಲ್ಯಾಪ್‌ಟಾಪಿನ ವೈರು ಎಳೆಯುತ್ತಿದ್ದಳು.

ಮೊದಲು ಜನರನ್ನು ಮಾಡಿದೆವು. ಅದು ಸೊಗಸಾಗಿತ್ತು, ಮೂಗು ಹಿಡಿದೆಳೆದರೆ ಉದ್ದವಾಗುತ್ತಿತ್ತು, ಕೆನ್ನೆ ಒತ್ತಿದರೆ ಒಳಗೆ ಹೋಗುತ್ತಿತ್ತು. ಚನ್ನಗಿರಿ ತನ್ನ ಮಗಳನ್ನು ಮಾಡಲು ಹೊರಟಳು. ಹುಡುಕಿದಳು. ಆಟದಲ್ಲಿ ತೊಟ್ಟಿಲ ಕೂಸು ಇದೆ, ಅದೂ ತೊಟ್ಟಿಲಿಗೆ ಅಂಟಿಕೊಂಡೇ ಇರುತ್ತದೆ. ಅಲ್ಲಿಂದ ಎದ್ದರೆ ನೇರ ಶಾಲೆಗೆ ಹೋಗುವ ಹುಡುಗಿ. ನಡುವೆ ಏನೂ ಇಲ್ಲ. 'ಅಂಬೆಗಾಲೇ ಇಲ್ವೇನೇ?' ಎಂದು ಮಗಳನ್ನು ಎತ್ತಿಕೊಂಡು ಕೇಳಿದಳು. ನಾವು ಕಲಿಸುತ್ತಿದ್ದ ನಡಿಗೆ, ಮಾತು, ಅರ್ಧ ರಾತ್ರಿಯ ಅಳು, ಎಲ್ಲವನ್ನೂ ಹಾರಿಸಿ ಹೋಗುವ ಬಾಳು. ಆಮೇಲೆ ಜಗಳೂರು ಕೈಗೆ ಮೌಸ್ ತೆಗೆದುಕೊಂಡಳು. ಕಟ್ಟುವ ಸಾಮಾನಿನ ಪಟ್ಟಿಯನ್ನು ಮೇಲಿಂದ ಕೆಳಗೆ ಎರಡು ಸಲ ನೋಡಿದಳು. ಈಜುಕೊಳ ಇರಲಿಲ್ಲ. ಅವಳು ಏನೂ ಹೇಳದೆ ಮೌಸನ್ನು ಹೊನ್ನಾಳಿಗೆ ದಾಟಿಸಿದಳು. ಹೊನ್ನಾಳಿಗೆ ಬೇಕಾದದ್ದು ನೆಲ, ಹೊಳೆಯ ತಿರುವು. ಆದರೆ ಇಲ್ಲಿ ನಮ್ಮ ಊರು ನಾವು ಹೂಡುವಂತಿಲ್ಲ. ವಿಲೋ ಕ್ರೀಕ್, ಓಯಸಿಸ್ ಸ್ಪ್ರಿಂಗ್ಸ್ ಎಂಬ ಎರಡು ಊರು ಸಿದ್ಧವಾಗಿವೆ, ಗೊತ್ತುಮಾಡಿದ ಸೈಟುಗಳಲ್ಲಿ ಮನೆ ಕಟ್ಟಬೇಕು, ಅಷ್ಟೇ. ಸಿಮ್ಸ್ 3ರ ಬಯಲೂ ಹೋಗಿ, ಪಕ್ಕದ ಮನೆಗೆ ಹೋಗಬೇಕಾದರೆ ಮತ್ತೆ ಕಾಯಬೇಕು. ಲಾಂಗ್‌ಬುಕ್ಕು ನೋಡಿ ನಾನು ವಂಶವೃಕ್ಷ ಕೇಳಿದೆ. ಅದೂ ಇರಲಿಲ್ಲ.

ಸಂಜೆಯೊಳಗೆ ಲ್ಯಾಪ್‌ಟಾಪ್ ಮುಚ್ಚಿದೆವು. ಚನ್ನಗಿರಿಯ ಗಂಡ ಜೀಪು ತೆಗೆದರು, ಸೂಳೆಕೆರೆಗೆ ಹೋದೆವು. ಏರಿಯ ಮೇಲೆ ನಿಂತರೆ ಕಣ್ಣು ಹಾಯುವವರೆಗೆ ನೀರು. ಜಗಳೂರು ಅದಕ್ಕೂ ಹಿಂದೆ ಅದನ್ನು ನೋಡಿರಲಿಲ್ಲ. ಒಂದೇ ಜಿಲ್ಲೆಯಲ್ಲಿದ್ದೂ, ಇಷ್ಟು ನೀರು ಇಷ್ಟು ಹತ್ತಿರ ಇದೆ ಎಂದು ಗೊತ್ತಿಲ್ಲದೆ. ಕತ್ತಲಾಗುವವರೆಗೂ ಕೂತಿದ್ದೆವು, ಆಟದ ಮಾತು ಯಾರೂ ಎತ್ತಲಿಲ್ಲ.

ಆಟದಲ್ಲಿ ಇಲ್ಲದ್ದು ಆಮೇಲೆ ಒಂದೊಂದಾಗಿ ಬಂತು. ಈಜುಕೊಳ ಅದೇ ನವೆಂಬರಿನಲ್ಲಿ. ವಂಶವೃಕ್ಷ ಅದರ ಹಿಂದೆಯೇ. ಪುಟ್ಟ ಮಕ್ಕಳು ಬಂದದ್ದು 2017ರ ಜನವರಿ 12ಕ್ಕೆ, ಎರಡು ವರ್ಷ ನಾಲ್ಕು ತಿಂಗಳು ಕಳೆದ ಮೇಲೆ. ತೊಟ್ಟಿಲಿಂದ ಇಳಿದು ಅಂಬೆಗಾಲು ಕಲಿಯುವ ಕೂಸು 2023ರ ಮಾರ್ಚಿಗೆ. ಆ ಹೊತ್ತಿಗೆ ಚನ್ನಗಿರಿಯ ಮಗಳು ಸೈಕಲ್ ತುಳಿದು ಶಾಲೆಗೆ ಹೋಗುತ್ತಿದ್ದಳು. 2021ರ ಅಕ್ಟೋಬರಿನಲ್ಲಿ ಮುಂಬೈ ಬೀದಿಗಳ ಉಡುಗೆಯ ಒಂದು ಕಟ್ಟು ಬಂತು, ಅದಕ್ಕೆ ಬೇರೆ ದುಡ್ಡು. 2022ರ ಅಕ್ಟೋಬರ್ 18ರಿಂದ ಮೂಲ ಆಟ ಪುಕ್ಕಟೆ. ಕೊಟ್ಟದ್ದರಲ್ಲಿ ಹಲವು ಚೆನ್ನಾಗಿಯೇ ಇದ್ದವು, 2017ರ ಆ ಪುಟ್ಟ ಮಕ್ಕಳು ಹಳೆಯ ಆಟದವಕ್ಕಿಂತ ಮುದ್ದು, ಅದನ್ನು ನಾನು ಒಪ್ಪುತ್ತೇನೆ. ಆದರೆ ಬಾಳನ್ನೇ ಆಟವಾಗಿಸುತ್ತೇವೆ ಎಂದು ಹೊರಟವರು ಯಾವುದನ್ನು ಆಮೇಲೆ ಸೇರಿಸಿದರಾಯಿತು ಎಂದು ಬಿಟ್ಟರೋ, ಅಲ್ಲೇ ನನ್ನ ತಕರಾರು. ಎಳೆತನವನ್ನು ಬಿಟ್ಟು ಮನೆ ಶುರುವಾಗುವುದಿಲ್ಲ. ಹಿಂದಿನ ಆಟದಲ್ಲಿ ಒಮ್ಮೆ ಕೈಗಿತ್ತದ್ದನ್ನು ಹೊಸದರಲ್ಲಿ ಹಿಂದಕ್ಕೆ ತೆಗೆದುಕೊಂಡು ಕಂತಿನಲ್ಲಿ ಕೊಡುವುದು, ಆಡಿದವರು ಆ ಮಕ್ಕಳಿಗೆ ಮಾತು ಕಲಿಸುತ್ತ ಕಳೆದ ರಾತ್ರಿಗಳನ್ನು ಲೆಕ್ಕಕ್ಕಿಡದ ಕೆಲಸ. ಸಿಮ್ಸ್ 4ರ ಜನ ಹೆಚ್ಚು ನಗುತ್ತಾರೆ, ಸಿಟ್ಟಾಗುತ್ತಾರೆ, ಮುಖದಲ್ಲಿ ಭಾವನೆ ಕುಣಿಯುತ್ತದೆ. ನನ್ನಜ್ಜಿ ನೋಡಿದ ಆ ಮುದುಕಿಯ ಹಾಗೆ ಸುಮ್ಮನೆ ಕೂತು ತನ್ನದೇ ನೆನಪಿನಲ್ಲಿರುವ ಒಬ್ಬರನ್ನೂ ನಾನು ಅಲ್ಲಿ ಕಾಣಲಿಲ್ಲ.

2014ರ ಆ ದೀಪಾವಳಿ ಮುಗಿಸಿ ನ್ಯಾಮತಿಗೆ ಹೋದಾಗ, ಹೊಸದು ಬೇಡ, ಹಳೆಯ ನಾಲ್ಕೂರನ್ನೇ ತೆರೆಯೋಣ ಎಂದು ಅಟ್ಟ ಹತ್ತಿದೆ. ಮಾನಿಟರು, ಸಿಪಿಯು ಎರಡೂ ಇರಲಿಲ್ಲ. ಆ ಬೇಸಗೆಯಲ್ಲಿ ಮನೆಗೆ ಸುಣ್ಣ ಬಳಿಸುವಾಗ ಅಪ್ಪ ಗುಜರಿಗೆ ಹಾಕಿದ್ದರು. ಕೆಟ್ಟಿತ್ತಲ್ಲ ಎಂದರು. ಕೆಟ್ಟದ್ದು ನಿಜ. ಅಪ್ಪನಿಗೆ ನಾನು ಏನೂ ಹೇಳಲಿಲ್ಲ.

2025ರ ಜನವರಿ ಕೊನೆಗೆ, ಮೊದಲ ಆಟಕ್ಕೆ ಇಪ್ಪತ್ತೈದು ತುಂಬುವ ಹೊತ್ತಿಗೆ, ಸಿಮ್ಸ್ 2 ಮತ್ತೆ ಮಾರಾಟಕ್ಕೆ ಬಂತು, ಹೊಸ ಕಂಪ್ಯೂಟರಿನಲ್ಲಿ ಓಡುವಂತೆ. ಚನ್ನಗಿರಿ ಲಾಂಗ್‌ಬುಕ್ಕಿನ ಹಾಳೆಗಳ ಫೋಟೊ ತೆಗೆದು ಕಳಿಸಿದಳು. ಅವನ್ನು ಪಕ್ಕದಲ್ಲಿಟ್ಟುಕೊಂಡು ನಾಲ್ಕು ಮನೆ ಮತ್ತೆ ಕಟ್ಟಿದೆ: ಖಾಲಿ ಅಂಗಳ, ಪಡಸಾಲೆ, ಬಿಳಿ ಬೇಲಿಯ ಕೊಳ. ಹೆಸರುಗಳು ಎಲ್ಲ ಸಿಕ್ಕವು. ಮುಖಗಳು ಸಿಗಲಿಲ್ಲ. ಅದೇ ಅಪ್ಪ ಅಮ್ಮಂದಿರನ್ನು ಮಾಡಿಟ್ಟರೂ ಮಕ್ಕಳು ಬೇರೆಯೇ ಹುಟ್ಟುತ್ತಾರೆ. ಆ ಚೂಪು ಮೂಗು, ಆ ದೊಡ್ಡ ಕಣ್ಣು ಮತ್ತೆ ಹಾಗೆ ಕೂಡಿ ಬರಲಿಲ್ಲ. ಅವು ಇದ್ದದ್ದು ನ್ಯಾಮತಿಯಿಂದ ಗುಜರಿಗೆ ಹೋದ ಆ ಡಿಸ್ಕಿನಲ್ಲಿ.

ನಿಮ್ಮ ಮನೆಯ ಅಟ್ಟದ ಮೇಲೆ ಅಂಥದೊಂದು ಹಳೆಯ ಸಿಪಿಯು ಇನ್ನೂ ಇದ್ದರೆ, ಗುಜರಿಯವನನ್ನು ಕರೆಯುವ ಮೊದಲು ಒಳಗಿನ ಹಾರ್ಡ್‌ಡಿಸ್ಕನ್ನು ಬಿಚ್ಚಿ ತೆಗೆದಿಟ್ಟುಕೊಳ್ಳಿ. ನಾಲ್ಕು ಸ್ಕ್ರೂ ತೆಗೆದರೆ ಕೈಗೆ ಬರುತ್ತದೆ.